ತೊಡೆಯುದ್ದ ನೀರು, ಮೂಡಣ ಗಾಳಿ: ಹಾರಂಗಿ ಹಿನ್ನೀರಿನಲ್ಲಿ ಚಳಿಗಾಲದ ವಿಂಡ್‌ಸರ್ಫಿಂಗ್

ವಿಂಡ್‌ಸರ್ಫಿಂಗ್ ಎಂದರೆ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಲ್ಲಿ ಸಾಗುವುದು. ಬೋರ್ಡನ್ನು ನೀರಿಗೆ ಇಳಿಸುವ ಮೊದಲು ಕೈಯಲ್ಲಿರಬೇಕಾದದ್ದು ಒಂದೂವರೆ ಮೀಟರ್ ಉದ್ದದ ಬಿದಿರಿನ ಗಳ. ಅದರ ಮೇಲೆ 10 ಸೆಂ.ಮೀ.ಗೆ ಒಂದರಂತೆ ಗೀರು ಹಾಕಿ, 50 ಮತ್ತು 90ರ ಗೀರಿಗೆ ಎರಡು ಬಣ್ಣದ ಟೇಪ್ ಸುತ್ತಿಕೊಳ್ಳಿ. ಚಳಿಗಾಲದಲ್ಲಿ ಹಿನ್ನೀರಿನ ಅಂಚಿನಲ್ಲಿ ಹಾಯಿ ಎತ್ತುವವರಿಗೆ ಆಗುವ ಪೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಗಾಳಿಯೂ ಅಲ್ಲ, ಚಳಿಯೂ ಅಲ್ಲ, ಆಳದ ತಪ್ಪು ಅಂದಾಜು. ಚಳಿ ಆ ತಪ್ಪನ್ನು ದುಬಾರಿ ಮಾಡುತ್ತದೆ, ಅಷ್ಟೆ. ಮರಗಟ್ಟಿದ ಕೈ, ನಿಧಾನವಾದ ಕಾಲು, ಕೆಳಗೆ ಅರ್ಧ ಮೀಟರ್ ನೀರು ಮತ್ತು ಒಂದು ಮರದ ಬೊಡ್ಡೆ: ಇವು ಒಟ್ಟಿಗೆ ಸೇರಬಾರದು.

ಆದರೂ ಆಳವಿಲ್ಲದ ನೀರು ಕಲಿಯುವವರಿಗೆ ಒಳ್ಳೆಯ ಜಾಗ. ಬಿದ್ದರೆ ಎದ್ದು ನಿಲ್ಲಬಹುದು, ಗಾಳಿ ಕೈಕೊಟ್ಟರೆ ನಡೆದು ಬರಬಹುದು. ಈ ಲಾಭ ಸಿಗಬೇಕಾದರೆ ತಳ ಗೊತ್ತಿರಬೇಕು.

ಜಾಗ ಮತ್ತು ಹೊತ್ತು

ಹಾರಂಗಿ ಜಲಾಶಯ ಕುಶಾಲನಗರದಿಂದ ಸುಮಾರು 9 ಕಿ.ಮೀ. ದೂರ, ಹುದುಗೂರಿನ ಬಳಿ. ಗರಿಷ್ಠ ಮಟ್ಟ 2,859 ಅಡಿ, ಅಂದರೆ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 871 ಮೀಟರ್. ಈ ಅಂಕಿ ನೆನಪಿರಲಿ, ಹಾಯಿ ಆರಿಸುವಾಗ ಬೇಕಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಇಳಿಯುವ ಮಾತೇ ಇಲ್ಲ. ಒಳಹರಿವು, ತೇಲಿಬರುವ ಮರದ ದಿಮ್ಮಿ, ತೆರೆದ ಕ್ರೆಸ್ಟ್ ಗೇಟ್, ಮೂರೂ ಅಪಾಯ. ಕೊಡಗಿನ ಸುಗ್ಗಿಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ನೀರು ತಿಳಿಯಾಗಿ ನಿಂತಿರುತ್ತದೆ. ಆಮೇಲೆ ಮಟ್ಟ ಇಳಿಯುತ್ತಾ ಹೋಗುತ್ತದೆ. ಹೋದ ವಾರ ಸೊಂಟದವರೆಗೆ ಇದ್ದ ಜಾಗದಲ್ಲಿ ಈ ವಾರ ಮೊಣಕಾಲು ನೀರು ಇರಬಹುದು, ಹಾಗಾಗಿ ಹಳೆಯ ಅಳತೆಯನ್ನು ನಂಬಬೇಡಿ.

ಅನುಮತಿ ಇಲ್ಲದೆ ಇಳಿಯಬೇಡಿ. ಅಣೆಕಟ್ಟು ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ, ಹಿನ್ನೀರಿಗೆ ಕಾಡು ತಾಗಿದ ಕಡೆ ಅರಣ್ಯ ಇಲಾಖೆಯನ್ನೂ ಕೇಳಬೇಕು. ಕಟ್ಟೆ, ಗೇಟು, ಕಾಲುವೆಯ ತೂಬು ಇವುಗಳ ಕಡೆ ಹಾಯಿ ತಿರುಗಿಸುವುದೇ ಬೇಡ. ದಡದಲ್ಲಿ ಮೀನು ಹಿಡಿಯುವವರು ಸಿಕ್ಕರೆ ಎರಡು ಪ್ರಶ್ನೆ ಕೇಳಿ: ಬಲೆ ಎಲ್ಲಿ ಕಟ್ಟಿದ್ದೀರಿ, ಆನೆ ಯಾವ ಕಡೆ ಇಳಿಯುತ್ತದೆ. ಎರಡಕ್ಕೂ ಅವರಷ್ಟು ಸರಿಯಾದ ಉತ್ತರ ಬೇರೆಯವರಿಂದ ಸಿಗುವುದಿಲ್ಲ. ಕಾಡಂಚಿನ ದಡವಾದರೆ ಸಂಜೆ 4ರೊಳಗೆ ಸಾಮಾನು ಕಟ್ಟಿಬಿಡಿ.

ಬೆಳಗಿನ ಕಾವಳ ಪೂರ್ತಿ ಕರಗುವ ತನಕ ಕಾಯಿರಿ. ಎದುರು ದಡ ಕಾಣದಿದ್ದರೆ ನಿಮ್ಮನ್ನೂ ಯಾರೂ ಕಾಣುವುದಿಲ್ಲ. ಕಾವಳ ಕೂತಿರುವಾಗ ಸಾಮಾನ್ಯವಾಗಿ ಗಾಳಿಯೂ ಇರುವುದಿಲ್ಲ, ಬಿಸಿಲು ನೆಲ ಕಾಯಿಸಿದ ಮೇಲೆ ಅದು ಏಳುತ್ತದೆ. 11ರಿಂದ 3ರವರೆಗಿನ ಹೊತ್ತು ಒಳ್ಳೆಯದು.

ಈ ಕಾಲದಲ್ಲಿ ಹೆಚ್ಚಾಗಿ ಬೀಸುವುದು ಮೂಡಣ ಗಾಳಿ. ಹಾಗಾಗಿ ಉತ್ತರ ಅಥವಾ ದಕ್ಷಿಣದ ದಡದಲ್ಲಿ ನಿಂತರೆ ಗಾಳಿ ದಡಕ್ಕೆ ಅಡ್ಡವಾಗಿ ಬರುತ್ತದೆ, ಹೋಗಿ ಬರಲು ಅದೇ ಅನುಕೂಲ. ಪೂರ್ವದ ದಡದಲ್ಲಿ ನಿಂತರೆ ಗಾಳಿ ನಿಮ್ಮ ಬೆನ್ನಿಂದ ನೀರಿನ ಕಡೆಗೆ ಬೀಸುತ್ತದೆ. ದಡದ ಬಳಿ ನೀರು ಕನ್ನಡಿಯಂತೆ ಕಂಡು ಆಸೆ ಹುಟ್ಟಿಸುತ್ತದೆ, ನೂರು ಮೀಟರ್ ಆಚೆ ಅದೇ ಗಾಳಿ ಎರಡರಷ್ಟಾಗಿ ನಿಮ್ಮನ್ನು ಆಳದ ಕಡೆ ಒಯ್ಯುತ್ತದೆ. ಅಲ್ಲಿಂದ ಹೊರಡಲೇಬೇಡಿ. ದಡದಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಸಾಲಿದ್ದರೆ ಇನ್ನೊಂದು ಲೆಕ್ಕವಿದೆ. ಮರದ ಎತ್ತರದ 10ರಿಂದ 20 ಪಟ್ಟು ದೂರದವರೆಗೆ ಗಾಳಿ ಮುರಿದು ಸುಳಿಯುತ್ತದೆ. 15 ಮೀಟರ್ ಎತ್ತರದ ಸಾಲಿಗೆ ಅದು 150ರಿಂದ 300 ಮೀಟರ್. ಆ ಪಟ್ಟಿಯೊಳಗೆ ಹಾಯಿ ಒಮ್ಮೆ ಸತ್ತಂತಾಗುತ್ತದೆ, ಮರುಕ್ಷಣ ಕಿತ್ತುಕೊಂಡು ಹೋಗುವಂತೆ ಎಳೆಯುತ್ತದೆ.

ತಳವನ್ನು ನಡೆದು ನೋಡುವುದು

ಶೂ ಹಾಕಿಕೊಂಡು, ಗಳ ಹಿಡಿದು, ಹಾಯಿಸಬೇಕೆಂದಿರುವ ದಾರಿಯಲ್ಲೇ ನಡೆಯಿರಿ. ಪಾದ ಎತ್ತಿ ಇಡಬೇಡಿ, ಗದ್ದೆಯಲ್ಲಿ ನಡೆಯುವ ಹಾಗೆ ಉಜ್ಜಿಕೊಂಡು ಹೋಗಿ. ಹಿನ್ನೀರಿನ ಕೆಳಗೆ ಇರುವುದು ಹಳೆಯ ನೆಲ. ಗದ್ದೆಯ ಬದು, ಕಡಿದ ಮರದ ಬೊಡ್ಡೆ, ಬೇಲಿಯ ಕಲ್ಲುಕಂಬ, ತಂತಿ ಏನು ಬೇಕಾದರೂ ಸಿಗಬಹುದು. ಬೊಡ್ಡೆ ಸಿಕ್ಕಿದಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಹಗ್ಗ, ಹಗ್ಗದ ತುದಿಗೆ ಕಲ್ಲು ಕಟ್ಟಿ ಗುರುತು ಬಿಡಿ, ಹೊರಡುವಾಗ ತಪ್ಪದೆ ತೆಗೆಯಿರಿ. ಕೆಸರಿನಲ್ಲಿ ಪಾದ ಹಿಮ್ಮಡಿಗಿಂತ ಮೇಲೆ ಹೂತುಹೋದರೆ ಆ ಜಾಗ ಬಿಡಿ. ಬಿದ್ದು ಎದ್ದು ನಿಲ್ಲುವಾಗ ಅದು ಹೆಜ್ಜೆಹೆಜ್ಜೆಗೂ ಶಕ್ತಿ ಹೀರುತ್ತದೆ, ಚಳಿಯಲ್ಲಿ ಆ ಶಕ್ತಿ ವಾಪಸ್ ಬರುವುದಿಲ್ಲ.

ಈ ನಡಿಗೆಗೆ ಅರ್ಧ ಗಂಟೆ ಬೇಕು. 150 ಮೀಟರ್ ಉದ್ದ, 30 ಮೀಟರ್ ಅಗಲದ ಪಟ್ಟಿಯೊಂದು ಪೂರ್ತಿ ಗೊತ್ತಾದರೆ ಅವತ್ತಿಗೆ ಅಷ್ಟು ಸಾಕು.

ಲೆಕ್ಕ ಹೀಗೆ. ಮೊಣಕಾಲು ನೀರಿನಲ್ಲಿ ಬೋರ್ಡನ್ನು ಕೈಯಲ್ಲಿ ನಡೆಸಿ. ತೊಡೆಯುದ್ದ ನೀರಿನಲ್ಲಿ ಹತ್ತಿ ಹಾಯಿಸಿ. ತಿರುವು ಹಾಗೂ ಬೀಳುವ ಸಾಧ್ಯತೆ ಇರುವ ಕಸರತ್ತು ಯಾವುದಿದ್ದರೂ ಸೊಂಟದುದ್ದದಲ್ಲಿ, ಅಂದರೆ ಗಳದ 90ರ ಟೇಪ್ ಮುಳುಗಿದ ಮೇಲೆ.

ಫಿನ್

ಆಳವಿಲ್ಲದ ನೀರಿನಲ್ಲಿ ಬೋರ್ಡಿನ ಅಡಿಗೆ ಸಿಕ್ಕಿಸುವ ರೆಕ್ಕೆಯಂಥ ಫಿನ್ ಮೇಲೆಯೇ ಎಲ್ಲವೂ ನಿಂತಿದೆ. ಅಗಲವಾದ ಕಲಿಕೆಯ ಬೋರ್ಡಿನೊಂದಿಗೆ ಬರುವ ಫಿನ್ ಸಾಮಾನ್ಯವಾಗಿ 40ರಿಂದ 46 ಸೆಂ.ಮೀ. ಉದ್ದ. ನೀವು ನಿಂತಾಗ ಬೋರ್ಡ್ ಸುಮಾರು 10 ಸೆಂ.ಮೀ. ಮುಳುಗುತ್ತದೆ. ಅಲೆ, ಕಾಣದ ಬದು, ನಿಮ್ಮ ತೂಕ ಹಿಂದಕ್ಕೆ ಸರಿದಾಗ ಹಿಂಬದಿ ತಗ್ಗುವುದು, ಇವಕ್ಕೆಲ್ಲ 20 ಸೆಂ.ಮೀ. ಬಿಡಬೇಕು. 44ರ ಫಿನ್‌ಗೆ 74 ಸೆಂ.ಮೀ. ನೀರು ಬೇಕಾಯಿತು. ಅದರ ಬದಲು 22 ಸೆಂ.ಮೀ. ವೀಡ್ ಫಿನ್ ಹಾಕಿದರೆ 52 ಸಾಕು, ಗಳದ ಮೊದಲ ಟೇಪ್‌ಗಿಂತ ಒಂದಿಷ್ಟು ಮೇಲೆ. ವೀಡ್ ಫಿನ್ ನೇರ ಕೆಳಗೆ ಇಳಿಯದೆ ಹಿಂದಕ್ಕೆ ಓರೆಯಾಗಿ ಬಾಗಿರುತ್ತದೆ. ಜೊಂಡು ಸಿಕ್ಕಿಕೊಳ್ಳದೆ ಜಾರಿಹೋಗುತ್ತದೆ, ತಳಕ್ಕೆ ತಾಗಿದರೂ ಕಚ್ಚಿಕೊಳ್ಳದೆ ಉಜ್ಜಿಕೊಂಡು ಸಾಗುತ್ತದೆ. 16ರಿಂದ 20 ಸೆಂ.ಮೀ.ನ ತ್ರಿಕೋನಾಕಾರದ ಡೆಲ್ಟಾ ಫಿನ್ ಇನ್ನೂ ಕಡಿಮೆ ನೀರಿಗೆ ಒಗ್ಗುತ್ತದೆ. ಕೊಳ್ಳುವ ಮೊದಲು ನಿಮ್ಮ ಬೋರ್ಡಿನ ಫಿನ್ ಪೆಟ್ಟಿಗೆ ಯಾವ ಬಗೆಯದು ನೋಡಿ. ಟಟಲ್, ಪವರ್ ಬಾಕ್ಸ್, ಯುಎಸ್ ಬಾಕ್ಸ್ ಒಂದಕ್ಕೊಂದು ಹೊಂದುವುದಿಲ್ಲ.

ಸಣ್ಣ ಫಿನ್‌ಗೂ ಒಂದು ಬೆಲೆ ಇದೆ. ಬೋರ್ಡ್ ಪಕ್ಕಕ್ಕೆ ಜಾರದಂತೆ ಹಿಡಿಯುವುದು ಫಿನ್. ಅದು ಅರ್ಧವಾದರೆ ಹಿಡಿತವೂ ಕುಗ್ಗುತ್ತದೆ. ಹಿಂಗಾಲಿನಿಂದ ಜೋರಾಗಿ ಒತ್ತಿದಾಗ ಬೋರ್ಡಿನ ಬಾಲ ಸರ್ರನೆ ಪಕ್ಕಕ್ಕೆ ತಪ್ಪಿಹೋಗುತ್ತದೆ. ಇದಕ್ಕೆ ಉಪಾಯ ಮೂರು. ತೂಕವನ್ನು ಮುಂಗಾಲಿಗೆ ಕೊಡಿ, ಗಾಳಿಗೆ ಎದುರಾಗಿ ತೀರಾ ಚೂಪಾದ ಕೋನದಲ್ಲಿ ಏರಬೇಡಿ, ಹಾಯಿಯನ್ನು ಒಂದು ಅಳತೆ ಚಿಕ್ಕದು ಹಾಕಿ. ಬೋರ್ಡಿನ ನಡುವಿನಿಂದ ನೀರಿಗೆ ಇಳಿಬಿಡುವ ಹಲಗೆ, ಡ್ಯಾಗರ್‌ಬೋರ್ಡ್, 60 ಸೆಂ.ಮೀ.ಗಿಂತ ಉದ್ದ ಇರುವುದುಂಟು, ತೊಡೆಯುದ್ದ ನೀರಿನಲ್ಲಿ ಅದನ್ನು ಪೂರ್ತಿ ಒಳಗೆ ಮಡಚಿಯೇ ಇಡಬೇಕು. ಅದಿಲ್ಲದೆ ಗಾಳಿಯ ಎದುರಿಗೆ ಏರುವುದು ಕಷ್ಟ, ಆದ್ದರಿಂದ ಹೊರಟ ಜಾಗಕ್ಕಿಂತ ಗಾಳಿಯ ಕೆಳದಿಕ್ಕಿನಲ್ಲಿ ದಡ ಸೇರುತ್ತೀರಿ ಎಂದುಕೊಂಡೇ ಹೊರಡಿ. ಗುರುತಿಸಿದ ಪಟ್ಟಿಯ ಗಾಳಿ ಬರುವ ತುದಿಯಿಂದ ಶುರುಮಾಡಿದರೆ ಜಾರಿದಷ್ಟೂ ಪಟ್ಟಿಯ ಒಳಗೇ ಇರುತ್ತೀರಿ.

ಹಾಯಿ ಎಷ್ಟು ದೊಡ್ಡದು

ಚಳಿಯ ಗಾಳಿ ಭಾರ, ಹಾಗಾಗಿ ಚಿಕ್ಕ ಹಾಯಿ ಸಾಕು ಎಂಬ ಮಾತನ್ನು ಕಡಲತೀರದವರು ಹೇಳುತ್ತಾರೆ. ಅಲ್ಲಿ ಅದು ನಿಜ. ಮಂಗಳೂರಿನ ತೀರದಲ್ಲಿ 30 ಡಿಗ್ರಿ ಸೆಕೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕೆ.ಜಿ. ತೂಗುತ್ತದೆ, 15 ಡಿಗ್ರಿಗೆ ಇಳಿದರೆ ಅದು 1.22 ಆಗುತ್ತದೆ. ಹಾರಂಗಿಯ ಎತ್ತರದಲ್ಲಿ 15 ಡಿಗ್ರಿಯ ಗಾಳಿ ತೂಗುವುದು ಮಾತ್ರ ಸುಮಾರು 1.10 ಕೆ.ಜಿ. ಚಳಿ ಕೊಟ್ಟದ್ದನ್ನು ಎತ್ತರ ಕಿತ್ತುಕೊಂಡು, ಮೇಲೆ ಇನ್ನಷ್ಟನ್ನೂ ಒಯ್ಯುತ್ತದೆ. ಪಣಂಬೂರಿನಲ್ಲಿ 6.0 ಚದರ ಮೀಟರ್ ಹಾಯಿ ಕೊಡುವ ಎಳೆತಕ್ಕೆ ಇಲ್ಲಿ ಅದೇ ವೇಗದ ಗಾಳಿಯಲ್ಲಿ 6.3 ಬೇಕು. ವ್ಯತ್ಯಾಸ ದೊಡ್ಡದಲ್ಲ. ಆದರೆ ಘಟ್ಟದ ಕೆಳಗೆ ಕಲಿತು ಬಂದವರು "ಗಾಳಿಯಲ್ಲಿ ಕಸುವೇ ಇಲ್ಲ" ಎಂದು ಗೊಣಗುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಎರಡು ಅಳತೆ ದೊಡ್ಡ ಹಾಯಿ ಏರಿಸಿ ಸಣ್ಣ ಫಿನ್‌ನೊಂದಿಗೆ ಹೊರಟರೆ ಬೋರ್ಡ್ ಪಕ್ಕಕ್ಕೇ ಓಡುತ್ತದೆ.

70ರಿಂದ 75 ಕೆ.ಜಿ. ತೂಕದ, ಕಲಿಯುತ್ತಿರುವವರಿಗೆ 160ರಿಂದ 190 ಲೀಟರ್ ಗಾತ್ರದ ಬೋರ್ಡ್, 4.5ರಿಂದ 5.5 ಚದರ ಮೀಟರ್ ಹಾಯಿ, 8ರಿಂದ 12 ನಾಟ್ ಗಾಳಿ ಸಾಕು. ಫೋನಿನ ಹವಾಮಾನ ಗಾಳಿಯ ವೇಗವನ್ನು ಗಂಟೆಗೆ ಕಿ.ಮೀ.ಯಲ್ಲಿ ತೋರಿಸಿದರೆ 1.85ರಿಂದ ಭಾಗಿಸಿ, 15ರಿಂದ 22 ಕಿ.ಮೀ. ಎಂದರೆ ಅಷ್ಟೇ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಮುರಿಯತೊಡಗಿದರೆ ಗಾಳಿ 12 ನಾಟ್ ಮುಟ್ಟಿತು, ಕಲಿಯುವವರು ಅಲ್ಲಿಗೆ ನಿಲ್ಲಿಸಬೇಕು.

ಮೈಗೆ ಏನು

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಆದರೆ ಈ ಆಟದಲ್ಲಿ ನಿಜವಾಗಿ ಕಾಡುವುದು ಒದ್ದೆ ಮೈಗೆ ಬಡಿಯುವ ಗಾಳಿ. ಬೆಳಗ್ಗೆ ನೀರಿಗೆ ಕಾಲಿಟ್ಟವರಿಗೆ ಅದು ಬೆಚ್ಚಗೇ ಅನ್ನಿಸುತ್ತದೆ, ಆ ಬೆಚ್ಚಗೆ ನಂಬಿ ಹತ್ತಿಯ ಟೀ-ಶರ್ಟ್‌ನಲ್ಲಿ ಹೊರಟವರು ಕಾಲು ಗಂಟೆಯಲ್ಲಿ ನಡುಗುತ್ತಾರೆ. ಥರ್ಮಾಮೀಟರ್ ಹಿಡಿದು ನೀರು ನೋಡಿ. 18ರಿಂದ 22 ಡಿಗ್ರಿಗೆ 3/2 ಮಿ.ಮೀ. ದಪ್ಪದ (ಎದೆ, ಬೆನ್ನಿಗೆ 3, ಕೈಕಾಲಿಗೆ 2) ಪೂರ್ತಿ ತೋಳಿನ ವೆಟ್‌ಸೂಟ್, ಅಂದರೆ ನಿಯೋಪ್ರೀನ್ ರಬ್ಬರಿನ ಉಡುಪು, ಅದಕ್ಕಿಂತ ಕಡಿಮೆಯಾದರೆ 4/3. ಎದೆ, ಬೆನ್ನಿನ ಭಾಗದಲ್ಲಿ ಬಟ್ಟೆಯ ಹೊದಿಕೆ ಇಲ್ಲದ ನಯವಾದ ನಿಯೋಪ್ರೀನ್ ಇದ್ದರೆ ನೀರು ಬೇಗ ಜಾರುತ್ತದೆ, ಗಾಳಿಗೆ ಆರುವಾಗ ಆಗುವ ತಂಪು ಕಡಿಮೆ.

ಗಟ್ಟಿ ಅಟ್ಟೆಯ 3 ಮಿ.ಮೀ. ಶೂ ಇಲ್ಲದೆ ಈ ನೀರಿಗೆ ಇಳಿಯಬೇಡಿ. ಹೆಲ್ಮೆಟ್ ಕೂಡ ಅಷ್ಟೇ ಮುಖ್ಯ, ಕೆಳಗೆ ತೆಳುವಾದ ನಿಯೋಪ್ರೀನ್ ಟೋಪಿ ಹಾಕಬಹುದು. ನೀರು ಎದೆಯವರೆಗೇ ಇದ್ದರೂ 50 ನ್ಯೂಟನ್‌ನ ತೇಲುವ ಜಾಕೆಟ್ ಇರಲಿ. ಪೂರ್ತಿ ದಪ್ಪ ಗ್ಲೌಸ್ ಮಾತ್ರ ಕೊಳ್ಳಬೇಡಿ. ಹಾಯಿ ಹಿಡಿಯುವ ಅಡ್ಡಗಳ, ಅಂದರೆ ಬೂಮ್, ದಪ್ಪಗಾದಂತಾಗಿ, ಅದನ್ನು ಹಿಡಿಯಲು ಮುಂಗೈ ಎರಡರಷ್ಟು ದುಡಿದು ಹತ್ತೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಅಂಗೈ ತೆರೆದ ಮಿಟನ್ ಒಳ್ಳೆಯದು. ಬೆರಳಿನ ಹಿಂಭಾಗ ಬೆಚ್ಚಗಿರುತ್ತದೆ, ಅಂಗೈ ನೇರ ಬೂಮ್ ಹಿಡಿಯುತ್ತದೆ.

ದಡದಲ್ಲಿ ಜೋಡಿಸುವಾಗ

ಮೊದಲು ಬೋರ್ಡಿನ ಮೇಲಿನ ಗಾಳಿ ಸ್ಕ್ರೂ ನೋಡಿ. ಸಂಪಾಜೆ ಘಟ್ಟ ಹತ್ತಿಸುವಾಗ ಹೊರಗಿನ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದಕ್ಕೇ ಸಾಗಿಸುವಾಗ ಸ್ಕ್ರೂ ಸಡಿಲಿಸಿರಬೇಕು. ನೀರಿಗಿಳಿಸುವ ಮೊದಲು ಬಿಗಿ ಮಾಡಲು ಮರೆತರೆ ಬೋರ್ಡ್ ನೀರು ಕುಡಿಯುತ್ತದೆ. ಜೀಪಿನ ಮೇಲೆ ಬಿಸಿಲಿಗೆ ಕಾದ ಬೋರ್ಡನ್ನು ನೇರ ತಣ್ಣೀರಿಗೆ ಹಾಕುವುದೂ ತಪ್ಪು, ಒಳಗಿನ ಗಾಳಿ ಕುಗ್ಗಿ ಇರುವ ಸಣ್ಣ ಬಿರುಕಿನಿಂದಲೂ ನೀರು ಎಳೆದುಕೊಳ್ಳುತ್ತದೆ. ಸ್ಕ್ರೂ ತೆರೆದು ಹತ್ತು ನಿಮಿಷ ನೆರಳಿನಲ್ಲಿ ಇಟ್ಟು, ಬಿಗಿ ಮಾಡಿ, ಆಮೇಲೆ ಇಳಿಸಿ.

ಹಾಯಿಯ ಪಾರದರ್ಶಕ ಮಾನೋಫಿಲ್ಮ್ ಚಳಿಗೆ ಗಡುಸಾಗಿರುತ್ತದೆ, ಮಡಚಿದರೆ ಬಿಳಿ ಗೆರೆ ಬಿದ್ದು ಮುಂದೆ ಅಲ್ಲೇ ಸೀಳುತ್ತದೆ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ನಿಧಾನವಾಗಿ ಬಿಚ್ಚಿ. ಹಾಯಿಯ ಕಂಬವಾದ ಮಾಸ್ಟಿನ ಎರಡು ತುಂಡು ಸೇರುವ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಸೇರಿಸಿದ ಮೇಲೆ ಸುತ್ತ ಇನ್ಸುಲೇಶನ್ ಟೇಪ್ ಹಾಕಿ. ಹಿನ್ನೀರಿನ ನುಣ್ಣನೆಯ ಕೆಸರು ಒಳಹೊಕ್ಕರೆ ಸಂಜೆ ಆ ಎರಡು ತುಂಡು ಬೇರಾಗುವುದಿಲ್ಲ.

ಹಾಯಿಯನ್ನು ಮಾಸ್ಟಿನ ಬುಡಕ್ಕೆ ಬಿಗಿಯುವ ಡೌನ್‌ಹಾಲ್ ಹಗ್ಗವನ್ನು, ಹಾಯಿಯ ಮೇಲ್ತುದಿಯ ಹಿಂದಂಚು ಸಡಿಲವಾಗಿ ಅಲುಗುವವರೆಗೆ ಎಳೆಯಿರಿ. ಚಳಿಯಲ್ಲಿ ತೆಳು ಹಗ್ಗ ಬೆರಳು ಕೊಯ್ಯುತ್ತದೆ, ಒಂದು ಮರದ ತುಂಡಿಗೆ ಸುತ್ತಿ, ಕಾಲನ್ನು ಮಾಸ್ಟಿನ ಬುಡಕ್ಕೆ ಕೊಟ್ಟು ಎಳೆದರೆ ಸಲೀಸು. ಬೂಮ್ ಭುಜದ ಮಟ್ಟಕ್ಕಿರಲಿ. ಕೊನೆಯದಾಗಿ ಮಾಸ್ಟನ್ನು ಬೋರ್ಡಿಗೆ ಸೇರಿಸುವ ಯುನಿವರ್ಸಲ್ ಜಾಯಿಂಟ್‌ನ ರಬ್ಬರಿನಂಥ ಕಂಬವನ್ನು ಎರಡೂ ಕಡೆಗೆ 90 ಡಿಗ್ರಿ ಬಗ್ಗಿಸಿ, ಬಾಗಿದ ಮಗ್ಗುಲನ್ನು ಕಣ್ಣಿನ ಹತ್ತಿರ ತಂದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಬದಲಿಸದೆ ನೀರಿಗೆ ಇಳಿಯಬೇಡಿ. ನಡುನೀರಿನಲ್ಲಿ ಹಾಯಿ ಬೋರ್ಡಿನಿಂದ ಕಳಚಿಕೊಳ್ಳುವುದು ಅಲ್ಲಿಂದಲೇ.

ಹೊರಡುವುದು

ಆಳವಿಲ್ಲದ ನೀರಿನಲ್ಲಿ ಬೋರ್ಡ್ ಮೇಲೆ ನಿಂತು ಅಪ್‌ಹಾಲ್ ಹಗ್ಗದಿಂದ ಹಾಯಿ ಎತ್ತುವುದಕ್ಕಿಂತ, ನೆಲದ ಮೇಲೆ ನಿಂತು ಹತ್ತುವುದು ಸುಲಭ. ಬೀಚ್ ಸ್ಟಾರ್ಟ್ ಎನ್ನುವುದು ಇದನ್ನೇ.

1. ತೊಡೆಯುದ್ದ ನೀರಿಗೆ ಬನ್ನಿ. ಬೋರ್ಡಿನ ಮೂತಿ ಗಾಳಿಗೆ ಅಡ್ಡವಾಗಿರಲಿ, ನೀವು ಗಾಳಿ ಬರುವ ಮಗ್ಗುಲಲ್ಲಿ ನಿಲ್ಲಿ.
2. ಮುಂದಿನ ಕೈ ಬೂಮ್ ಮೇಲೆ ಮಾಸ್ಟಿನ ಹತ್ತಿರ, ಹಿಂದಿನ ಕೈ ಭುಜದಗಲ ಬಿಟ್ಟು. ಕೈ ನೀಡಿಯೇ ಇರಲಿ.
3. ಬೋರ್ಡಿನ ದಿಕ್ಕು ತಪ್ಪಿದರೆ ಮಾಸ್ಟನ್ನು ಬುಡದ ಕಡೆ ಒತ್ತಿ ಮೂತಿಯನ್ನು ದೂರ ತಳ್ಳಿ, ಎಳೆದರೆ ಮೂತಿ ನಿಮ್ಮ ಕಡೆ ಬರುತ್ತದೆ.
4. ಹಿಂಗಾಲನ್ನು ಬೋರ್ಡಿನ ನಡುಗೆರೆಯ ಮೇಲೆ ಇಡಿ, ಹಿಮ್ಮಡಿಯಿಂದ ಬೋರ್ಡನ್ನು ನಿಮ್ಮತ್ತ ಎಳೆದುಕೊಳ್ಳಿ.
5. ಗಾಳಿಯ ಹೊಡೆತ ಬಂದಾಗ ಕೈಗಳನ್ನು ಮೇಲೆ, ಮುಂದಕ್ಕೆ ಚಾಚಿ. ಹಾಯಿ ನಿಮ್ಮನ್ನು ಎತ್ತುತ್ತದೆ. ಮುಂಗಾಲು ಮಾಸ್ಟಿನ ಹಿಂದೆ ಇಳಿಯಲಿ.

ಎಡವುವುದು ಐದನೆಯದರಲ್ಲಿ. ಬೂಮನ್ನು ಎದೆಗೆ ಎಳೆದುಕೊಂಡು ಏರಲು ಹೊರಟರೆ ಹಾಯಿ ಮೈಮೇಲೆ ಬೀಳುತ್ತದೆ. ಮೊದಲ 20 ಮೀಟರ್ ಮೊಣಕಾಲು ಬಗ್ಗಿಸಿಯೇ ಸಾಗಿ, ಫಿನ್ ತಳ ಸವರಿದರೆ ಪಾದಕ್ಕೆ ಅದು ಗರಗರ ಎಂದು ಮೊದಲೇ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಹಿಂದಿನ ಕೈ ಸಡಿಲಿಸಿ, ತೂಕ ಮುಂದೆ ತಂದು ಬಾಲವನ್ನು ಹಗುರ ಮಾಡಿ. ಹಾರ್ನೆಸ್ (ಮೈಗೆ ಕಟ್ಟಿ ಬೂಮಿಗೆ ಸಿಕ್ಕಿಸುವ ಪಟ್ಟಿ) ಕೊಕ್ಕೆಯನ್ನು ಸೊಂಟದುದ್ದ ನೀರು ಬರುವ ತನಕ ಸಿಕ್ಕಿಸಬೇಡಿ. ಫಿನ್ ನಿಂತು ನೀವು ಹಾಯಿಗೆ ಕಟ್ಟಿಕೊಂಡಿದ್ದರೆ ಮಾಸ್ಟಿನ ಜೊತೆಗೇ ಮುಂದಕ್ಕೆ ಚಿಮ್ಮುತ್ತೀರಿ.

ಬೋರ್ಡ್ ಕಾರಣವಿಲ್ಲದೆ ಭಾರವಾಗಿ, ಬ್ರೇಕ್ ಹಿಡಿದಂತೆ ನಿಧಾನವಾದರೆ ಫಿನ್‌ಗೆ ಜೊಂಡು ಸುತ್ತಿದೆ. ಹಾಯಿಯನ್ನು ಗಾಳಿಯ ವಿರುದ್ಧ ಹಿಂದಕ್ಕೆ ತಳ್ಳಿ ಬೋರ್ಡನ್ನು ಎರಡು ಮೀಟರ್ ಹಿಮ್ಮುಖ ಸಾಗಿಸಿ, ಹೆಚ್ಚಾಗಿ ಬಿಟ್ಟುಕೊಳ್ಳುತ್ತದೆ. ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಅದು ಬಲೆ. ದೂರದಿಂದಲೇ ತಿರುಗಿ, ಯಾರದೋ ದುಡಿಮೆ ಅದು.

ಬೀಳುವ ರೀತಿ

ಕಾಲು ಮುಂದಾಗಿ ಹಾರಬೇಡಿ, ತಲೆ ಮುಂದಾಗಿ ಧುಮುಕುವುದಂತೂ ಎಂದಿಗೂ ಬೇಡ. ಹಿಂದಕ್ಕೆ, ಬೆನ್ನು ಅಗಲವಾಗಿ ನೀರಿಗೆ ಬಡಿಯುವಂತೆ, ಕೈಕಾಲು ಹರಡಿ ಬೀಳಿ. ಗಲ್ಲ ಎದೆಗೆ ಒತ್ತಿರಲಿ. ಹಾಯಿ ಮುಂದಕ್ಕೆ ಎಸೆಯುವಾಗ ಬೂಮ್ ಬಿಡಬೇಡಿ. ಕೈ ನೀಡಿ ಹಿಡಿದೇ ಇದ್ದರೆ ಬೂಮಿನ ಹಿಂದೆ ಉಳಿಯುತ್ತೀರಿ, ಬಿಟ್ಟರೆ ಮಾಸ್ಟಿನ ಮೇಲೋ ತಳದ ಮೇಲೋ ಹಾರಿಬೀಳುತ್ತೀರಿ. ಎದ್ದ ಮೇಲೂ ಒಂದು ಕೈ ತಲೆಯ ಮೇಲಿರಲಿ, ಹಾಯಿ ಇನ್ನೂ ಇಳಿದಿರದೆ ಇರಬಹುದು.

ಮಾಸ್ಟಿನ ತುದಿ ಕೆಸರಿಗೆ ಚುಚ್ಚಿಕೊಂಡರೆ ಬೋರ್ಡ್ ಮೇಲಿಂದ ಅಪ್‌ಹಾಲ್ ಜಗ್ಗಬೇಡಿ. ನಾಲ್ಕು ಮೀಟರ್ ಉದ್ದದ ಸನ್ನೆಕೋಲು ಅದು, ಮುರಿಯುವುದು ತುದಿಯ ಹತ್ತಿರವೇ. ಇಳಿದು, ತುದಿಯವರೆಗೆ ನಡೆದು, ಅದನ್ನು ಬಂದ ದಿಕ್ಕಿಗೇ ಎಳೆದು ಬಿಡಿಸಿ.

ಕೈ ಹೇಳುವ ಸಮಯ

20 ನಿಮಿಷ ನೀರು, 10 ನಿಮಿಷ ದಡ. ಅಂಥ ಮೂರು ಸುತ್ತು ಸಾಕು. ಪ್ರತಿ ಸಲ ದಡ ಮುಟ್ಟಿದಾಗ ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳನ್ನು ಮುಟ್ಟಿ ನೋಡಿ. ಮುಟ್ಟಲು ಆಗದಿದ್ದರೆ ಅವತ್ತಿನ ಆಟ ಮುಗಿಯಿತು, ಗಾಳಿ ಎಷ್ಟೇ ಚೆನ್ನಾಗಿರಲಿ. ಮಾತು ತೊದಲುವುದು, ಹೆಜ್ಜೆ ತಡವರಿಸುವುದು, ನಡುಕ ತಾನಾಗಿ ನಿಂತುಬಿಡುವುದು ಇನ್ನೂ ಮುಂದಿನ ಹಂತ. ಆಗ ಗಾಳಿಮರೆಗೆ ಒಯ್ದು, ಒದ್ದೆ ಬಿಚ್ಚಿ, ಒಣ ಬಟ್ಟೆ ಕಂಬಳಿ ಸುತ್ತಿ ಮೊದಲು ಎದೆ, ಬೆನ್ನು ಬೆಚ್ಚಗೆ ಮಾಡಿ. ಕೈಕಾಲು ಉಜ್ಜಬಾರದು. 108ಕ್ಕೆ ಕರೆ ಮಾಡಿ. ಪೂರ್ತಿ ಎಚ್ಚರವಿದ್ದು ನುಂಗಲು ಆಗುವವರಿಗೆ ಮಾತ್ರ ಫ್ಲಾಸ್ಕಿನ ಬೆಲ್ಲದ ಕಾಫಿ ಕೊಡಿ. ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಎಂಬ ಮಾತನ್ನು ಕೊಡಗಿನ ಚಳಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ.

ಗಾಳಿ ನಿಂತರೆ ಅಥವಾ ಏನಾದರೂ ಮುರಿದರೆ ಬೋರ್ಡ್ ಬಿಟ್ಟು ಈಜಬೇಡಿ. ತಳ ಸಿಗುವ ಕಡೆ ಬೋರ್ಡ್ ಹಿಡಿದು ನಡೆಯಿರಿ. ಸಿಗದಿದ್ದರೆ ಹಾಯಿಯನ್ನು ಮಾಸ್ಟಿಗೆ ಸುರುಳಿ ಸುತ್ತಿ, ಬೋರ್ಡಿನ ಉದ್ದಕ್ಕೆ ಮಲಗಿಸಿ, ಮೇಲೆ ಬೋರಲು ಮಲಗಿ ಕೈಯಿಂದ ಹುಟ್ಟು ಹಾಕಿ. ನೆರವು ಬೇಕಾದರೆ ಎರಡೂ ಕೈಗಳನ್ನು ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ದಡದಲ್ಲಿ ನಿಮ್ಮನ್ನೇ ನೋಡುತ್ತಿರುವ ಒಬ್ಬರು ಇದ್ದರೆ ಮಾತ್ರ ಇದಕ್ಕೆ ಅರ್ಥ, ಒಬ್ಬರೇ ಹೋಗಬೇಡಿ.

ಸಾಮಾನು ಕಟ್ಟುವಾಗ ಮಾಸ್ಟಿನ ಟೇಪ್ ಬಿಚ್ಚಿ ಎರಡು ತುಂಡನ್ನು ಅಲ್ಲೇ ಬೇರ್ಪಡಿಸಿ, ಮನೆಗೆ ಹೋದ ಮೇಲೆ ಕೆಸರು ಒಣಗಿ ಗಟ್ಟಿಯಾಗುತ್ತದೆ. ಬರದಿದ್ದರೆ ಸೇರುವ ಜಾಗದ ಮೇಲೆ ಬಿಸಿನೀರು ಸುರಿದು, ಇಬ್ಬರು ಎರಡು ಕಡೆ ಹಿಡಿದು ತಿರುಚುತ್ತಾ ಎಳೆಯಿರಿ. ಹಾಯಿಯನ್ನು ಒದ್ದೆಯಾಗಿ ಸುತ್ತಿಟ್ಟರೆ ಕೊಡಗಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ನೆರಳಿನಲ್ಲಿ ಆರಿಸಿ. ವೆಟ್‌ಸೂಟನ್ನು ಒಳಮೈ ಹೊರಗೆ ಮಾಡಿ ನೇತುಹಾಕಿ. ಬಾಟಲಿಯ ಗುರುತುಗಳನ್ನೆಲ್ಲ ಎಣಿಸಿ ತಂದಿರಾ ನೋಡಿ, ಬೋರ್ಡಿನ ಗಾಳಿ ಸ್ಕ್ರೂವನ್ನು ಮತ್ತೆ ಸಡಿಲಿಸಿ.